ಹೊಲಿಗೆಯ ಜಾಗ

ಯಾರದೋ ಮೊಣಕೈ ಬಂದು ಬಡಿದದ್ದು ಸರಿಯಾಗಿ ಹೊಟ್ಟೆಯ ಹೊಲಿಗೆಯ ಜಾಗಕ್ಕೆ. ರೈಲು ಆಗಷ್ಟೇ ವಿದ್ಯಾವಿಹಾರ ದಾಟಿತ್ತು. ಹೆಂಗಸರ ಬೋಗಿಯ ಬಾಗಿಲ ಬಳಿ ಒತ್ತಿಕೊಂಡು ನಿಂತ ಮೈಗಳ ನಡುವೆ ದಾನೇಶ್ವರಿಗೆ ಬಗ್ಗಲೂ ಜಾಗವಿರಲಿಲ್ಲ. ಎದೆಗವಚಿಕೊಂಡಿದ್ದ ಥರ್ಮಾಕೋಲ್ ಡಬ್ಬಿಯನ್ನು ಇನ್ನಷ್ಟು ಬಿಗಿ ಹಿಡಿದು ಹಲ್ಲು ಕಚ್ಚಿದಳು.

"ಡಬ್ಬಾ ಊಪರ್ ರಖ್ ನಾ. ಕಬ್ ಸೇ ಚುಭ್ ರಹಾ ಹೈ," ಎಂದು ಘಾಟ್ಕೋಪರ್‌ನಲ್ಲಿ ಹತ್ತಿದ ಹೆಂಗಸು, ಚುಚ್ಚುತ್ತಿದ್ದ ಡಬ್ಬಿಯ ಮೂಲೆಯನ್ನು ದೂಡುತ್ತ, ಮೂರನೇ ಸಲ ಹೇಳಿದಳು. ನಲವತ್ತರ ಆಸುಪಾಸಿನವಳು, ಕೊರಳಲ್ಲಿ ಯಾವುದೋ ಕಂಪನಿಯ ಗುರುತಿನ ಚೀಟಿ.

"ನಹೀ ರಖ್ ಸಕ್ತೀ."

"ಕ್ಯಾ ಹೈ ಇಸ್ ಮೇ? ಸೋನಾ?"

ಸುತ್ತಲಿನವರು ನಕ್ಕರು. ದಾನೇಶ್ವರಿ ಏನೆಂದು ಹೇಳಿಯಾಳು? ಒಳಗಿದ್ದದ್ದು ಐಸ್ ಪೊಟ್ಟಣಗಳ ನಡುವೆ ಒಂದು ಪುಟ್ಟ ಶೀಶೆ, ಶೀಶೆಯಲ್ಲಿ ಬೆಳಗಿನ ಅವಳ ಮಲ. ಹತ್ತು ಗಂಟೆಯೊಳಗೆ ಅದು ಸಯನ್‌ನ ಆಸ್ಪತ್ರೆಯ ಲ್ಯಾಬ್ ಮುಟ್ಟಬೇಕಿತ್ತು.

ಮೂರು ವರ್ಷ ಅವಳ ಕರುಳು ಅವಳನ್ನೇ ಕಚ್ಚಿ ಹರಿದಿತ್ತು. ಮೊದಲು ಗ್ಯಾಸ್ ಅಂದರು. ಆಮೇಲೆ ಕರುಳಿನ ಕ್ಷಯ ಅಂದು ಒಂಬತ್ತು ತಿಂಗಳು ಗುಳಿಗೆ ನುಂಗಿಸಿದರು. ಹೋದ ವರ್ಷ ವಿಕ್ರೋಳಿಯ ಕಾರ್ಖಾನೆಯ ಪ್ಯಾಕಿಂಗ್ ಮೇಜಿನ ಮೇಲೆ ಬೋರಲು ಬಿದ್ದಾಗ ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವಾಗಿತ್ತು. ಒಂದೂವರೆ ಗೇಣು ಕತ್ತರಿಸಿ ತೆಗೆದು, ಉಳಿದ ಎರಡು ತುದಿ ಕೂಡಿಸಿ ಹೊಲಿದರು. ಇದರ ಹೆಸರು ಕ್ರೋನ್ಸ್ ಎಂದು ತಿಳಿದದ್ದು ಆಗ. ಗುಣವಾಯಿತೇ ಎಂದು ಕೇಳಿದರೆ ಆ ಆಸ್ಪತ್ರೆಯ, ಕನ್ನಡದವರೇ ಆದ ಡಾಕ್ಟರ್ ಹರಿಣಿ ಸುಳ್ಳು ಹೇಳಲಿಲ್ಲ.

"ಮರಳಿ ಬರುವುದಾದರೆ ಕೂಡಿಸಿದ ಜಾಗಕ್ಕೇ ಮೊದಲು ಬರುತ್ತದೆ, ದಾನೇಶ್ವರಿ. ನೋವೇ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವಲ್ಲ, ಅವುಗಳಲ್ಲಿ ಏನಾದರೂ ಏರುಪೇರಾಗಿ ನಮಗೆ ಮೊದಲೇ ಸುಳಿವು ಸಿಗುತ್ತದೋ ಅಂತ ನೋಡುತ್ತಿದ್ದೇವೆ."

ಹಾಗಾಗಿ ಡಬ್ಬಿ.

ಆ ಹೆಂಗಸು ಈಗ ಮಾತು ಬಿಟ್ಟು ಡಬ್ಬಿಗೇ ಕೈ ಹಾಕಿದಳು. ಮುಚ್ಚಳದ ಟೇಪು ಪರ್ರೆಂದು ಕಿತ್ತು ಬಂತು. ದಾನೇಶ್ವರಿ ಡಬ್ಬಿಯನ್ನು ಮೊಣಕಾಲುಗಳ ನಡುವೆ ಇಳಿಸಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಅವಳ ಜಡೆ ಹಿಡಿದು ತಲೆಯನ್ನು ಬಾಗಿಲ ನಡುವಿನ ಕಂಬಕ್ಕೆ ಅಪ್ಪಳಿಸಿದಳು. ಮೊದಲ ಸಲ ಸಿಟ್ಟಿನಿಂದ. ಎರಡನೇ ಸಲ ಬಡಿಯುವಾಗ ಅವಳಿಗೆ ಹಿತವೆನಿಸಿತು. ಇಷ್ಟು ವರ್ಷ ತಿಂದ ನೋವಿಗೆಲ್ಲ ಈಗ ಒಂದು ಮುಖ ಸಿಕ್ಕಿತ್ತು, ಹಿಡಿಯಲು ಕೂದಲಿತ್ತು. ಮೂರನೇ ಸಲಕ್ಕೆ ಹುಬ್ಬು ಸೀಳಿ ರಕ್ತ ಚಿಮ್ಮಿ ಪಕ್ಕದವಳ ದುಪ್ಪಟ್ಟಾದ ಮೇಲೆ ಬಿತ್ತು.

"ಯವ್ವಾ, ಸತ್ನೆವ್ವಾ..."

ಆ ಹೆಂಗಸಿನ ಬಾಯಲ್ಲಿ ಕನ್ನಡ. ದಾನೇಶ್ವರಿಯ ಕೈ ತಾನಾಗಿ ಸಡಿಲಾಯಿತು. ಸಡಿಲಾದದ್ದೇ ತಡ, ಬೇರೆ ಹೆಂಗಸರು ಮೇಲೆ ಬಿದ್ದರು. ಯಾರೋ ಕೆನ್ನೆ ಪರಚಿದರು, ಯಾರೋ ಬೆನ್ನಿಗೆ ಗುದ್ದಿದರು. ಅವಳು ಡಬ್ಬಿಯ ಮೇಲೆ ಬಗ್ಗಿ ಕುಳಿತು ಎಲ್ಲವನ್ನೂ ಬೆನ್ನಲ್ಲಿ ತಿಂದಳು. ಸಯನ್ ಬಂದಾಗ ಇಬ್ಬರನ್ನೂ ಎಳೆದು ಪೊಲೀಸರ ಕೈಗೆ ಕೊಟ್ಟರು.

ಚೌಕಿಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಕೇಳಿದ ಮೊದಲ ಪ್ರಶ್ನೆಯೇ ಡಬ್ಬಿಯದು. ದಾನೇಶ್ವರಿ ತಲೆ ತಗ್ಗಿಸಿ, ತಿಳಿದಷ್ಟು ಹಿಂದಿಯಲ್ಲಿ, ಎಲ್ಲವನ್ನೂ ಹೇಳಿದಳು. ಕಾನ್‌ಸ್ಟೇಬಲ್ ಕುರ್ಚಿ ಹಿಂದಕ್ಕೆ ಸರಿಸಿದಳು. ಎದುರಿನ ಬೆಂಚಿನಲ್ಲಿ ಕರ್ಚೀಫಿನಿಂದ ಹುಬ್ಬು ಒತ್ತಿಕೊಂಡು ಕುಳಿತಿದ್ದ ಹೆಂಗಸು ಒಂದು ಕಣ್ಣಿನಲ್ಲೇ ಇವಳನ್ನು ನೋಡುತ್ತಿದ್ದಳು. ಕಂಪ್ಲೇಂಟ್ ಬರೆಸುತ್ತೀಯಾ ಎಂದಾಗ ಎದ್ದು ನಿಂತಳು.

"ಮೈ ಗಿರ್ ಗಯೀ ಥೀ, ಮೇಡಂ. ಖಂಬಾ ಲಗಾ," ಎಂದಳು, ತಾನೇ ಬಿದ್ದು ಕಂಬ ಬಡಿಯಿತೆಂದು.

ಹೊರಗೆ ಬಂದ ಮೇಲೆ ದಾನೇಶ್ವರಿ ಕೇಳಿದಳು, "ಸುಳ್ಳ ಯಾಕ ಹೇಳಿದಿ ಅಕ್ಕಾ?"

"ಕೇಸ್ ಅಂದ್ರ ಹತ್ತ ಸಲ ರಜಾ ಹಾಕಿ ಕೋರ್ಟಿಗಿ ತಿರಗಬೇಕು. ನಿನ್ನ ಸಲುವಾಗಿ ಹೇಳಿಲ್ಲ." ಸೇವಂತಿ ಎಂದು ಅವಳ ಕೊರಳಿನ ಚೀಟಿಯಲ್ಲಿತ್ತು. "ಅಕ್ಕಾ ಅನಬ್ಯಾಡ ನನಗ."

ನಾಲ್ಕು ಹೆಜ್ಜೆ ನಡೆದವಳು ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತಳು. ಕರ್ಚೀಫು ತೊಯ್ದು ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಗಂಟೆ ಒಂಬತ್ತು ನಲವತ್ತಾರು. ಎದುರಿಗೇ ಆಸ್ಪತ್ರೆಯ ಗೇಟು. ಲ್ಯಾಬ್ ಇರುವುದು ಹಿಂದಿನ ಕಟ್ಟಡದಲ್ಲಿ. ದಾನೇಶ್ವರಿ ಡಬ್ಬಿ ಹಿಡಿದು ಗೇಟಿನ ತನಕ ಓಡಿದಳು. ಅಲ್ಲಿ ನಿಂತಳು. ಇನ್ನೊಮ್ಮೆ ಕೈಗಡಿಯಾರ ನೋಡಿದಳು. ಬಾಯಿಗೆ ಬಂದಂತೆ ತನ್ನನ್ನೇ ಬೈದುಕೊಂಡು ತಿರುಗಿ ಬಂದಳು. ಸೇವಂತಿಯ ತೋಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು ಎಬ್ಬಿಸಿದಳು.

ಕ್ಯಾಜುವಾಲ್ಟಿಯ ಬೆಂಚಿನ ಕೆಳಗೆ ಡಬ್ಬಿ ನೀರು ಬಿಡತೊಡಗಿತು. ಅವರ ಸರದಿ ಬಂದಾಗ ಹತ್ತೂಕಾಲು. ಮರಗಟ್ಟಿಸುವ ಔಷಧಿ ಹಿಡಿಯುವ ಮೊದಲೇ ಸೂಜಿ ಇಳಿಯಿತು. ಸೇವಂತಿ ಕೈಗೆ ಸಿಕ್ಕದ್ದನ್ನು ಹಿಡಿದಳು. ಸಿಕ್ಕದ್ದು ದಾನೇಶ್ವರಿಯ ಮಣಿಕಟ್ಟು. ಆರು ಹೊಲಿಗೆ ಮುಗಿಯುವ ಹೊತ್ತಿಗೆ ನಾಲ್ಕು ಉಗುರು ಚರ್ಮದೊಳಗೆ ಇಳಿದಿದ್ದವು. ದಾನೇಶ್ವರಿ ಬಿಡಿಸಿಕೊಳ್ಳಲಿಲ್ಲ.

"ನಾ ನಿನ್ನ ಮಾಫ್ ಮಾಡಿಲ್ಲ," ಎಂದಳು ಸೇವಂತಿ, ಪಟ್ಟಿ ಕಟ್ಟಿಸಿಕೊಂಡು ಎದ್ದು.

"ಮಾಡಬ್ಯಾಡ."

ಅವಳು ಹಿಂದೆ ತಿರುಗದೆ ಸ್ಟೇಷನ್ನಿನ ಕಡೆ ಹೋದಳು.

ಲ್ಯಾಬಿನಲ್ಲಿ ಹರಿಣಿ ಮುಚ್ಚಳ ತೆಗೆದು ನೋಡಿ ತಲೆ ಅಲ್ಲಾಡಿಸಿದರು. ಐಸ್ ಕರಗಿತ್ತು, ಮಾದರಿ ಕೆಲಸಕ್ಕೆ ಬಾರದು. ಆಮೇಲೆ ಅವಳ ಪರಚಿದ ಕೆನ್ನೆ, ಕುರ್ತಾದ ಮೇಲಿನ ರಕ್ತ ಕಂಡವು.

"ಯಾರು ಹೊಡೆದದ್ದು?"

"ನಾನ ಹೊಡದೆ, ಮೇಡಂ."

ಹರಿಣಿ ಹೊಸ ಡಬ್ಬಿ ಕೊಟ್ಟು ಗುರುವಾರ ಬರಹೇಳಿದರು.

ಗುರುವಾರ ಅವಳು ಐದೂಮುಕ್ಕಾಲರ ಖಾಲಿ ಗಾಡಿ ಹಿಡಿದು, ಲ್ಯಾಬ್ ತೆರೆಯುವ ಮೊದಲೇ ಬಾಗಿಲ ಮುಂದೆ ಕುಳಿತಿದ್ದಳು. ಮೂರು ವಾರಕ್ಕೆ ಫೋನ್ ಬಂತು: ಇರಬೇಕಾದ ಬ್ಯಾಕ್ಟೀರಿಯಾ ಇಳಿದಿವೆ, ಇರಬಾರದವು ಏರಿವೆ. ಅದೊಂದನ್ನೇ ನಂಬುವಂತಿಲ್ಲ, ಕರುಳಿನೊಳಗೆ ದುರ್ಬೀನಿನ ನಳಿಗೆ ಹಾಕಿ ನೋಡೋಣ ಎಂದರು ಹರಿಣಿ. ನೋಡಿದರು. ಪರದೆಯ ಮೇಲೆ ಅವಳ ಕರುಳು ಗುಲಾಬಿ ಬಣ್ಣದಲ್ಲಿ ಮಿನುಗುತ್ತಿತ್ತು. ಕೂಡಿಸಿದ ಗೆರೆಯುದ್ದಕ್ಕೂ ನುಚ್ಚಕ್ಕಿ ಚೆಲ್ಲಿದಂತೆ ಬಿಳಿ ಹುಣ್ಣುಗಳು.

"ನೋವಿದೆಯಾ?"

"ಇಲ್ರಿ. ಒಟ್ಟಽ ಇಲ್ಲ."

"ಇನ್ನಾರು ತಿಂಗಳು ಬಿಟ್ಟಿದ್ದರೆ ಇರುತ್ತಿತ್ತು. ಬೇಗ ಸಿಕ್ಕಿದೆ. ಔಷಧಿ ಶುರುಮಾಡೋಣ."

ಸೋಮವಾರ ಮಧ್ಯಾಹ್ನ ವಾರ್ಡಿನ ಕಿಟಕಿ ಪಕ್ಕದ ಮಂಚ ಸಿಕ್ಕಿತು. ಕೆಳಗೆ ರಸ್ತೆಯಲ್ಲಿ ಬೆಸ್ಟ್ ಬಸ್ಸುಗಳು ಹಾರ್ನ್ ಮಾಡುತ್ತ ಸಾಗಿದ್ದವು. ನರ್ಸ್ ಬಾಟಲಿ ತೂಗುಹಾಕಿ, ತೋಳಿಗೆ ರಬ್ಬರು ಬಿಗಿದು, "ಮುಠ್ಠೀ ಬಂದ್ ಕರೋ," ಎಂದಳು. ದಾನೇಶ್ವರಿ ಮುಷ್ಟಿ ಕಟ್ಟಿದಳು. ನೀಲಿ ನರವೊಂದು ಮೆಲ್ಲಗೆ ಉಬ್ಬಿ ಬಂತು. ಸೂಜಿ ಒಳಗಿಳಿಯಿತು.

"ಬಸ್. ಅಬ್ ಖೋಲೋ."

ಅವಳು ಒಂದೊಂದೇ ಬೆರಳನ್ನು ಬಿಚ್ಚಿದಳು. ನಳಿಗೆಯಲ್ಲಿ ಮೊದಲ ಹನಿ ಇಳಿಯಿತು.