ಗಾಯ ಎಲ್ಲಿದೆ, ತೋರಿಸು

"ಗಾಯ ಎಲ್ಲಿದೆ, ತೋರಿಸು" ಎಂದು ಗಿಡ್ಡಿಯನ್ನು ಕೇಳದವರಿಲ್ಲ. ಆಸ್ಪತ್ರೆಯವರು ಕೇಳಿದರು, ಪೊಲೀಸರು ಕೇಳಿದರು, ವಿಮೆಯವರು ಮನೆಗೇ ಬಂದು ಕೇಳಿದರು. ಅತ್ತೆ ಮಾತ್ರ ಯಾಕೆ ಬಿಟ್ಟಾಳು? "ಕೈಕಾಲು ಗುಂಡುಕಲ್ಲಿನ ಹಾಗಿದೆ. ಇನ್ನೇನು ರೋಗ ನಿಂಗೆ?" ಎಂದಳು. ತೋರಿಸಲು ಗಿಡ್ಡಿಯ ಮೈಮೇಲೆ ಒಂದು ಗೀರೂ ಇರಲಿಲ್ಲ.

ಹದಿನಾಲ್ಕು ಜನ ಕೂರುವ ಕಾರ್ಖಾನೆಯ ವ್ಯಾನಿನಲ್ಲಿ ಅಪಘಾತದ ಬೆಳಿಗ್ಗೆ ಇಪ್ಪತ್ತಾರು ಹೆಂಗಸರಿದ್ದರು. ಡ್ರೈವರ್ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಮುಚ್ಚಲು ಮ್ಯಾನೇಜರ್ ಬಿಟ್ಟಿರಲಿಲ್ಲ. ವ್ಯಾನು ನಿಂತಿದ್ದ ಲಾರಿಗೆ ಗುದ್ದಿತು. ಗಿಡ್ಡಿಯ ಹೆಗಲ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ ಗೆಳತಿ ಹಾಗೆಯೇ ಸತ್ತುಹೋದಳು. ಒಡೆದ ಇಂಜಿನ್ನಿಂದ ಹಬೆ ಬುಸ್ಸೆಂದು ಏಳುತ್ತಿತ್ತು. ಬಾಗಿಲು ಕತ್ತರಿಸಿ ಹೊರಗೆಳೆಯುವವರೆಗೂ, ಮುಕ್ಕಾಲು ಗಂಟೆ, ಗಿಡ್ಡಿ ಆ ಸದ್ದು ಕೇಳುತ್ತ ಹೆಣದ ಪಕ್ಕ ಕೂತಿದ್ದಳು.

ಅವರ ಕಾರ್ಖಾನೆಯಲ್ಲಿ ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದರು. ಗಿಡ್ಡಿಯದು ಹಬೆಯ ಇಸ್ತ್ರಿ ಯಂತ್ರ. ಹಿಡಿ ಎಳೆದರೆ ಬುಸ್ಸ್. ದಿನಕ್ಕೆ ಇನ್ನೂರು ಬಟ್ಟೆ, ಇನ್ನೂರು ಬುಸ್ಸ್. ಅಪಘಾತವಾದ ಮೂರನೇ ದಿನ ಕೆಲಸಕ್ಕೆ ಹೋದವಳು ಮೊದಲ ಬುಸ್ಸಿಗೇ ಯಂತ್ರದಡಿಗೆ ನುಗ್ಗಿ ಕೂತಳು. ಉಟ್ಟಬಟ್ಟೆ ಒದ್ದೆಯಾಗಿತ್ತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ.

ಮೂರು ದಿನ ಬರದಿದ್ದರೆ ನಾಲ್ಕನೇ ದಿನ ಆ ಜಾಗಕ್ಕೆ ಬೇರೆಯವಳು. ಅಲ್ಲಿನ ಕಾನೂನು ಅದು. ಇಸ್ತ್ರಿ ಸಾಲಿನಲ್ಲಿ ಗಿಡ್ಡಿ ಬಿಟ್ಟರೆ ಇನ್ನೂ ಏಳು ಹೆಂಗಸರಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು.

"ನೀನು ಮನೇಲಿರು" ಎಂದಳು ಚಿಕ್ಕಮ್ಮ. "ನಿನ್ನ ಹಾಜರಿ ಕಾರ್ಡು ನಾವು ಯಂತ್ರದಲ್ಲಿ ಒತ್ತುತ್ತೀವಿ. ನಿನ್ನ ರಾಶಿ ನಾವು ಹಂಚ್ಕೋತೀವಿ."

"ಸಿಕ್ಕಿಬಿದ್ರೆ?"

"ಆ ಗಾಜಿನ ರೂಮಲ್ಲಿ ಕೂತ ಮ್ಯಾನೇಜರನಿಗೆ ಬಟ್ಟೆ ರಾಶಿ ಕಾಣತ್ತೆ ಕಣೇ, ನಾವು ಕಾಣಲ್ಲ."

ಎರಡು ತಿಂಗಳು ಹಾಗೇ ನಡೆಯಿತು. ಒಂದು ಬಟ್ಟೆಯೂ ಕಡಿಮೆಯಾಗಲಿಲ್ಲ. ಆಮೇಲೆ ಗಿಡ್ಡಿ ಮನಸ್ಸಿನ ವೈದ್ಯೆಯ ಚೀಟಿ ಹಿಡಿದು ಪರಿಹಾರಕ್ಕೆ ಅರ್ಜಿ ಹಾಕಿದಳು. ವರ್ಷಗಟ್ಟಲೆ ಔಷಧಿ ಬೇಕು ಎಂದಿದ್ದರು ವೈದ್ಯೆ. ಅರ್ಜಿ ಹಾಕಿದ ವಾರಕ್ಕೇ ಗಿಡ್ಡಿಯನ್ನು ಕೆಲಸದಿಂದ ತೆಗೆದರು. ಇನ್ನು ಔಷಧಿಗೆ ಆ ಪರಿಹಾರವೇ ಗತಿ.

ಕೋರ್ಟಿನಲ್ಲಿ ವಿಮೆಯ ವಕೀಲ ಅವಳ ಹಾಜರಿ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದ.

"ಎರಡು ತಿಂಗಳು ಒಂದು ದಿನವೂ ತಪ್ಪಿಸಿಲ್ಲ. ದಿನಕ್ಕೆ ಇನ್ನೂರು ಬಟ್ಟೆ. ಮನಸ್ಸು ಕೆಟ್ಟವರು ಮಾಡೋ ಕೆಲಸವೇ ಇದು?"

ಉಪಕಾರವೇ ಉರುಳಾಯಿತು. ಹೊರಗೆ ಜಗಲಿಯಲ್ಲಿ ಗಿಡ್ಡಿ ತನ್ನ ವಕೀಲೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಇದನ್ನೇ ಒಳಗೆ ಹೇಳಿಬಿಡಮ್ಮ, ಕೇಸು ಉಳಿಯತ್ತೆ."

"ಏಳು ಜನರ ಕೆಲಸ ಹೋಗತ್ತೆ."

"ಹೇಳದಿದ್ರೆ ನೀನು ಸೋಲ್ತೀಯ."

"ಸೋಲ್ತೀನಿ ಬಿಡಿ. ನನಗೋಸ್ಕರ ಬೆನ್ನು ಮುರಿದವರ ಹೊಟ್ಟೆ ಮೇಲೆ ನಾನು ಹೊಡೆಯಲ್ಲ. ನೀವೂ ಬಾಯಿ ಬಿಡಕೂಡದು."

ಮುಂದಿನ ತಾರೀಖಿಗೆ ಸಾಕ್ಷಿ ಹೇಳಲು ಮ್ಯಾನೇಜರ್ ಬಂದ. ಅವನು ಈ ಕೇಸಿಗೆ ಬಂದದ್ದು ಅದೇ ಮೊದಲು. ಕಾರ್ಡಿನ ಸುದ್ದಿ ಹೇಗೋ ಕಿವಿಗೆ ಬಿದ್ದು, ಅಂದು ರಜೆ ಕೇಳದೆ ಏಳೂ ಹೆಂಗಸರು ಬಂದು ಹಿಂದಿನ ಬೆಂಚಿನಲ್ಲಿ ಗಿಡ್ಡಿಯ ಅಕ್ಕಪಕ್ಕ ಕೂತಿದ್ದರು.

ಮ್ಯಾನೇಜರ್ ಪ್ರಮಾಣ ಮಾಡಿ ಕಾಗೆ ಹಾರಿಸತೊಡಗಿದ. "ಆ ಎರಡು ತಿಂಗಳೂ ದಿನಾ ಕಣ್ಣಾರೆ ನೋಡಿದೀನಿ ಸ್ವಾಮಿ. ಚೆನ್ನಾಗಿ ಊಟ ಮಾಡ್ತಿದ್ದಳು, ನಗ್ತಿದ್ದಳು. ನನ್ನ ಹತ್ರ ತಮಾಷೆ ಮಾಡ್ತಿದ್ದಳು. ಇದೆಲ್ಲ ದುಡ್ಡಿಗಾಗಿ ನಾಟಕ."

ಚಿಕ್ಕಮ್ಮ ಎದ್ದಳು. ಗಿಡ್ಡಿ ಅವಳ ಕೈ ಹಿಡಿದು ಜಗ್ಗಿದಳು. ಚಿಕ್ಕಮ್ಮ ಕೈ ಕೊಸರಿಕೊಂಡಳು.

"ಸ್ವಾಮಿ, ಆ ಕಾರ್ಡು ಒತ್ತಿದ್ದು ನಾವು."

"ಕೂತ್ಕೊಳಮ್ಮ" ಎಂದರು ನ್ಯಾಯಾಧೀಶರು.

"ಕೂತು ಅಭ್ಯಾಸ ಇಲ್ಲ ಸ್ವಾಮಿ. ಹತ್ತು ಗಂಟೆ ನಿಂತೇ ದುಡಿಯೋರು ನಾವು. ಆ ಎರಡು ತಿಂಗಳು ಅವಳು ಗೇಟು ದಾಟಿಲ್ಲ. ಅವಳ ಪಾಲಿನ ಬಟ್ಟೆ ನಾವು ಏಳು ಜನ ಮಾಡಿದ್ವಿ. ಇವರ ಹತ್ರ ತಮಾಷೆ ಮಾಡಿದ್ದು ಯಾರು, ನೀವೇ ಕೇಳಿ."

ಉಳಿದ ಆರು ಮಂದಿಯೂ ಎದ್ದರು. ಒಬ್ಬಳು ಪಕ್ಕದವಳನ್ನು ಹಿಡಿದು ಎದ್ದಳು. ಕೂತಿರಲಾರದೆ ಗಿಡ್ಡಿಯೂ ಎದ್ದಳು.

"ಇದೆಲ್ಲ ಹೇಳಿಕೊಟ್ಟ ಮಾತು!" ಎಂದು ವಿಮೆಯ ವಕೀಲ ಕೂಗಿದ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಮ್ಯಾನೇಜರೇ, ನೀವು ದಿನಾ ನೋಡಿದ ಹೆಂಗಸು ಇವರಲ್ಲಿ ಯಾರು? ತೋರಿಸಿ."

ಮ್ಯಾನೇಜರ್ ಕನ್ನಡಕ ಒರೆಸಿಕೊಂಡ. ಎಂಟು ಮುಖಗಳನ್ನು ಆ ತುದಿಯಿಂದ ಈ ತುದಿಗೆ ನೋಡಿದ. ಮತ್ತೆ ಈ ತುದಿಯಿಂದ ಆ ತುದಿಗೆ ನೋಡಿದ. ಕೊನೆಗೆ ಬೆರಳೆತ್ತಿ ಸಾಲಿನಲ್ಲೇ ಉದ್ದನೆಯವಳನ್ನು ತೋರಿಸಿದ.

ಯಾರೋ ಕಿಸಕ್ಕೆಂದರು. ಗಿಡ್ಡಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ಇವನ ಗಾಜಿನ ಕೋಣೆಯ ಕೆಳಗೇ ನಿಂತು ಬೆವರು ಸುರಿಸಿದ್ದಳು. ಇವನು ಒಂದು ದಿನವೂ ಅವಳ ಮುಖ ನೋಡಿರಲಿಲ್ಲ. ನೋಡದ ಮುಖ ನಗುತ್ತಿತ್ತು ಎಂದು ಪ್ರಮಾಣ ಮಾಡಿ ಹೇಳಿದ್ದ.

ಅಂದು ತೀರ್ಪು ಬರಲಿಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡು ಮೂರು ತಿಂಗಳ ಮುಂದಿನ ತಾರೀಖು ಕೊಟ್ಟರು.

ಮೆಟ್ಟಿಲ ಮೇಲೆ ಮ್ಯಾನೇಜರ್ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. "ಕಾರ್ಡು ಒತ್ತಿ ಮೋಸ ಮಾಡ್ತೀರಾ? ನಾಳೆಯಿಂದ ಒಬ್ಬಳೂ ಗೇಟಿನೊಳಗೆ ಕಾಲಿಡಕೂಡದು!"

ಅವನ ಕಾರು ಬಂದು ಪಕ್ಕದಲ್ಲೇ ಕಿರ್ರೆಂದು ನಿಂತಿತು. ಗಿಡ್ಡಿಯ ಮೈ ಥರಥರ ನಡುಗಿತು. ಚಿಕ್ಕಮ್ಮನ ತೋಳು ಬಿಗಿಯಾಗಿ ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡೇ ಮೆಟ್ಟಿಲು ಇಳಿದು, ಕಾರಿಗೂ ಅವನಿಗೂ ನಡುವೆ ಹೋಗಿ ನಿಂತಳು. ಅವಳನ್ನು ನೋಡಲು ಅವನು ಕತ್ತು ಬಗ್ಗಿಸಬೇಕಾಯಿತು.

"ನಾಳೆ ಬೆಳಿಗ್ಗೆ ಎಂಟೂ ಜನ ಗೇಟಲ್ಲಿರ್ತೀವಿ. ಯಾರನ್ನ ತಡೀಬೇಕು ಅಂತ ಗೊತ್ತಿರಬೇಕಲ್ಲ ಸಾರ್? ಈಗಲೇ ಸರಿಯಾಗಿ ನೋಡ್ಕೊಳ್ಳಿ. ನೀವು ದಿನಾ ನೋಡ್ತಿದ್ದೋಳು ನಾನೇ."