ದೊಡ್ಡಯ್ಯನ ಜೊಲ್ಲು

ಸೋಲಾರ್ ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರನೊಬ್ಬ ಊರು ಬಿಡುವಾಗ ತನ್ನ ಗ್ರೇಟ್ ಡೇನ್ ನಾಯಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು, “ಮೈಮೇಲೆ ಕೂದಲೇ ಇಲ್ಲ, ಏನೂ ಆರೈಕೆ ಬೇಡ” ಎಂದು ಹೇಳಿ ಹೋದ. ಆರೈಕೆ ಮಾಡದವರು ಆಡುವ ಮಾತು ಅದು. ಮೂರು ವರ್ಷ ಆ ನಾಯಿಯ ಸೇವೆ ಮಾಡಿದವಳು ನಾನು, ಭುವನಾ. ಕರುವಿನಷ್ಟು ಎತ್ತರದ ನಾಯಿ ಸಾಕಿದ ಹುಚ್ಚಿ ಎಂದು ನಮ್ಮೂರು ನಿಡುಗಲ್ಲಿನಲ್ಲಿ ನನ್ನನ್ನು ಆಡಿಕೊಳ್ಳದವರಿಲ್ಲ. ಅದಕ್ಕೆ ದೊಡ್ಡಯ್ಯ ಎಂದು ಹೆಸರಿಟ್ಟವಳೂ ನಾನೇ.

ಗಿಡ್ಡ ಕೂದಲಾದರೆ ಕೆಲಸ ಕಮ್ಮಿ ಎಂಬುದು ಶುದ್ಧ ಸುಳ್ಳು. ಉದುರಿದ ಕೂದಲು ಸೂಜಿಯ ಹಾಗೆ ಚಾಪೆಗೆ ಚುಚ್ಚಿಕೊಳ್ಳುತ್ತದೆ. ವಾರಕ್ಕೆರಡು ಸಲ ರಬ್ಬರ್ ಬ್ರಷ್ಷಿನಲ್ಲಿ ಮೈ ತಿಕ್ಕಬೇಕು, ಕಿವಿ ಒರೆಸಬೇಕು, ಉಗುರು ಕತ್ತರಿಸಬೇಕು, ಮೊಣಕೈ ಗಟ್ಟಿಯಾದಲ್ಲಿ ಕೊಬ್ಬರಿ ಎಣ್ಣೆ ಸವರಬೇಕು. ಇನ್ನು ಜೊಲ್ಲು. ಅದರ ಬಾಯಿ ಒರೆಸುವುದಕ್ಕೆಂದೇ ನನ್ನ ಹೆಗಲ ಮೇಲೆ ಸದಾ ಒಂದು ಬಟ್ಟೆ. ಸ್ನಾನವಾದ ಮೇಲೆ ಟವೆಲ್ಲಿನಲ್ಲಿ ಹನಿಯೂ ಉಳಿಯದ ಹಾಗೆ ಒರೆಸುತ್ತಿದ್ದೆ. ಒದ್ದೆ ಮೈಯಲ್ಲಿ ಒಂದು ಗಳಿಗೆಯೂ ಇರಲಾರದ ಹಾಗೆ ಅದನ್ನು ಬೆಳೆಸಿದ್ದೆ.

ಈ ಸಲ ಮಳೆ ನಿಂತ ಮೇಲೆ ಉಣುಗು ಹತ್ತಿದವು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ರಕ್ತ ಕುಡಿದು ಅವರೆಕಾಳಿನಷ್ಟಾಗಿದ್ದವು. ದಿನಾ ಕಿತ್ತು ಉಪ್ಪುನೀರಿಗೆ ಹಾಕಿದರೂ ಮುಗಿಯಲಿಲ್ಲ. ಭಾನುವಾರ ಪಾವಗಡದ ಡಾಕ್ಟರ ಹತ್ತಿರ ಹೋಗೋಣ ಎಂದು ಮನೆಯವರು ಹೇಳಿದ್ದರು. ನನಗೆ ಭಾನುವಾರದ ತನಕ ತಾಳ್ಮೆ ಎಲ್ಲಿಂದ ಬರಬೇಕು.

ಪಕ್ಕದ ಹೊಲದಲ್ಲಿ ಕದಿರಯ್ಯ ತುಪ್ಪಟ ಕತ್ತರಿಸಿದ ತನ್ನ ಕುರಿಗಳನ್ನು ಉಣುಗು ಸಾಯಿಸುವ ಔಷಧಿ ಬೆರೆಸಿದ ತೊಟ್ಟಿಯಲ್ಲಿ ಒಂದೊಂದಾಗಿ ಮುಳುಗಿಸಿ ಬಿಡುತ್ತಿದ್ದ.

“ನಮ್ಮ ದೊಡ್ಡಯ್ಯನ್ನೂ ಒಂದ್ಸಲ ಮುಳುಗ್ಸಿ ಬುಡು ಕದಿರಯ್ಯ,” ಎಂದೆ.

“ನಾಯಿಗೆ ನಾನು ಯಾವತ್ತೂ ಹಾಕಿಲ್ಲ ಕಣಮ್ಮ.”

“ಕುರಿ ಉಣುಗೇನು, ನಾಯಿ ಉಣುಗೇನು. ಎಲ್ಲಾ ಒಂದೇ ಅಲ್ವಾ.”

ಅವನು ತೊಟ್ಟಿಯನ್ನೂ ನನ್ನನ್ನೂ ನೋಡಿದ. “ಅಂಗಾದ್ರೆ ಕರ್ಕಂಬಾ. ಆಮ್ಯಾಕೆ ತೊಳೀಬ್ಯಾಡ, ಒರೆಸ್ಬ್ಯಾಡ. ಕುರಿನ ಇಂಗೇ ಬುಟ್ಬುಡ್ತೀವಿ, ಬಿಸ್ಲಲ್ಲಿ ಮೈಮ್ಯಾಲೇ ಒಣಗ್ಬೇಕು.”

ತೊಟ್ಟಿಯಲ್ಲಿ ಮುಳುಗಿಸಿ ತೆಗೆದ ಮೇಲೆ ಅವನು ಹೇಳಿದ ಹಾಗೆ ಒರೆಸಲಿಲ್ಲ. ಬೇವಿನ ಮರದ ಪಕ್ಕ ಬಿಸಿಲಿಗೆ ಕಟ್ಟಿ ಅಡುಗೆಗೆ ಹೋದೆ. ಕುರಿ ತನ್ನ ಮೈ ನೆಕ್ಕಿಕೊಳ್ಳುವುದಿಲ್ಲ, ನಾಯಿ ನೆಕ್ಕಿಕೊಳ್ಳುತ್ತದೆ. ಇಷ್ಟು ಸಣ್ಣ ವಿಷಯ ನಮ್ಮಿಬ್ಬರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ದೊಡ್ಡಯ್ಯ ಟವೆಲ್ಲಿಗೆ ಕಾದಿರಬೇಕು. ನಾನು ಬರಲಿಲ್ಲವೆಂದು ತಾನೇ ನೆಕ್ಕಿ ನೆಕ್ಕಿ ಮೈ ಒಣಗಿಸಿಕೊಂಡಿತ್ತು.

ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಜೊಲ್ಲು ಸುರಿಯುತ್ತಿತ್ತು. ಅದು ಯಾವತ್ತು ಸುರಿದಿಲ್ಲ? “ನಿನ್ನ ಜೊಲ್ಲಿಗೆ ಬೆಂಕಿ ಬೀಳ” ಎಂದು ಬೈದು, ಬಾಯಿ ಒರೆಸಿ, ಒಳಗೆ ಬಂದೆ. ಹನ್ನೆರಡಕ್ಕೆ ಮತ್ತೆ ಒರೆಸಿದೆ. ಒಂದು ಗಂಟೆಗೆ ಕಾಲು ನಡುಗಿ ಅದು ಕುಸಿದು ಬಿದ್ದಾಗ ಮಾತ್ರ ಮನೆಯವರನ್ನು ಕೂಗಿದೆ.

ಮನೆಯವರು ಟೆಂಪೋ ತಂದರು. ಪಾವಗಡದ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಮೈಗೆ ಏನು ಹಾಕಿದಿರಿ ಎಂದು ಕೇಳಿ ತಿಳಿದುಕೊಂಡು, ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೊಟ್ಟರು.

“ಜೊಲ್ಲು ಜಾಸ್ತಿಯಾದಾಗಲೇ ತಂದಿದ್ರೆ ಉಳಿಸಬಹುದಿತ್ತೇನೋಮ್ಮ,” ಎಂದರು.

ಎರಡು ಸಲ ಆ ಜೊಲ್ಲು ಒರೆಸಿದ ಬಟ್ಟೆ ಇನ್ನೂ ನನ್ನ ಹೆಗಲ ಮೇಲೇ ಇತ್ತು. ನಾಲ್ಕು ಗಂಟೆಗೆ ದೊಡ್ಡಯ್ಯನ ಉಸಿರು ನಿಂತಿತು.

ಬೇವಿನ ಬುಡದಲ್ಲಿ ಕದಿರಯ್ಯನೇ ಗುಂಡಿ ತೋಡಿದ. “ನಾನೇ ಕೊಂದ್ಬುಟ್ಟೆ ಕಣಮ್ಮ,” ಎಂದ. ಹೌದು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟು ಕೆಟ್ಟವಳು ನಾನು. ಅವನು ಮೊದಲೇ ಹಿಂಜರಿದಿದ್ದ. ಬಲವಂತ ಮಾಡಿದವಳು ನಾನು.

ಮಣ್ಣು ಮಾಡುವ ಮೊದಲು ನೀರು ಕಾಯಿಸಿ, ಸೋಪು ಹಾಕಿ ಅದರ ಮೈ ತೊಳೆದೆ. ಸತ್ತ ಉಣುಗು ನೀರಿನ ಜೊತೆ ಉದುರಿ ಹೋದವು. ಟವೆಲ್ಲಿನಲ್ಲಿ ಹನಿಯೂ ಉಳಿಯದ ಹಾಗೆ ಒರೆಸಿದೆ. ಕಿವಿ ಮಡಚಿ ನೋಡಿದೆ, ಬೆರಳ ಸಂದಿ ನೋಡಿದೆ, ಬಾಲದ ಬುಡ ನೋಡಿದೆ. ಎಲ್ಲಿಯೂ ಒಂದು ಉಣುಗು ಇರಲಿಲ್ಲ.