ರಟ್ಟಿನ ಯಂತ್ರ

ಗಂಡನಿಗೆ ಮನೆ ರಿಪೇರಿಯ ಹುಚ್ಚು ಹಿಡಿದಾಗಲೆಲ್ಲ ಅವಳಿಗೆ ಮೊದಲು ನೋಯುತ್ತಿದ್ದುದು ಕಿವಿ. ಅವನು ಅಡುಗೆಮನೆಯ ಕಪಾಟುಗಳನ್ನು ಮಾರುವ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾಗಿಲು ತೆರೆದು ಮುಚ್ಚಿ ತೋರಿಸುವ ಕೆಲಸದವನು. ತೆರೆದೂ ತೆರೆದೂ, ಮುಚ್ಚಿಯೂ ಮುಚ್ಚಿಯೂ, ತಾನೊಬ್ಬ ದೊಡ್ಡ ವಿನ್ಯಾಸಕಾರ ಎಂಬ ನಂಬಿಕೆ ಅವನ ತಲೆಗೇರಿ ಕೂತುಬಿಟ್ಟಿತ್ತು. ಮನೆಯಲ್ಲಿ ಯಾವ ಗೋಡೆಯನ್ನೂ ಅವನು ಸುಮ್ಮನೆ ನೋಡುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ ನೋಡುತ್ತಿದ್ದ.

ಈ ಸಲ ಹೆಬ್ಬೆರಳು ಎದ್ದದ್ದು ನಡುಮನೆಯ ಪಕ್ಕದ ಸಣ್ಣ ಕೋಣೆಯ ಮೇಲೆ. ಒಂದು ಕಮೋಡು, ಅಂಗೈಯಗಲದ ಬೇಸಿನ್ನು, ಅಷ್ಟೇ. ಸ್ನಾನಕ್ಕೆ ಬೇರೆ ಜಾಗ ಇದ್ದುದರಿಂದ ಮನೆಯವರು ಇದನ್ನು ಅರ್ಧ ಬಚ್ಚಲು ಎನ್ನುತ್ತಿದ್ದರು.

"ಅಡುಗೆಮನೆಯಲ್ಲಿ ಬಟ್ಟೆ ಒಗೆಯೋ ಮಿಷನ್ ಇರೋದು ಅಸಹ್ಯ ಕಣೇ," ಎಂದ. "ಹಳೇದು ಮಾರಿಬಿಡೋಣ. ಹೊಸದು ತಂದು ಇಲ್ಲಿ ಇಡೋಣ. ಇದೂ ನೀರಿನ ಕೆಲಸ, ಅದೂ ನೀರಿನ ಕೆಲಸ. ಎಷ್ಟು ಜಾಗ ಉಳಿಯುತ್ತೆ ನೋಡು."

"ಉಳಿದ ಜಾಗದಲ್ಲಿ ನಿಮ್ಮ ಪ್ಲಾನುಗಳನ್ನ ಜೋಡಿಸಿಡಬಹುದು."

ಚುಚ್ಚುಮಾತು ಅವನಿಗೆ ತಾಗಲಿಲ್ಲ. ತಾಗುವಷ್ಟು ತೆಳುವಾದ ಚರ್ಮ ಅವನದಲ್ಲ. "ಈ ಬಾಗಿಲು ಒಳಗಡೆ ತೆರೆಯುತ್ತಲ್ಲ, ಅದೇ ಜಾಗ ತಿನ್ನೋದು. ಕಿತ್ತು ಹಾಕಿ ಪರದೆ ಇಳಿಬಿಟ್ಟರೆ ಆಯ್ತು."

ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತಿದರು. "ಪರದೆ ಹಿಂದೆ ಕೂರೋಕೆ ನಾನೇನು ನಾಟಕದ ರಾಣಿನೇನೋ? ಗಾಳಿಗೆ ಪರದೆ ಎದ್ದರೆ ಯಾರು ಚಪ್ಪಾಳೆ ತಟ್ಟಬೇಕು?"

"ಸರಿ ಅಮ್ಮ, ಮಡಚೋ ಬಾಗಿಲು ಹಾಕ್ತೀನಿ. ಪ್ಲಾಸ್ಟಿಕ್‌ದು. ಅಂಚಲ್ಲಿ ಅಯಸ್ಕಾಂತ ಇರುತ್ತೆ, ತಾನಾಗೇ ಅಂಟಿಕೊಳ್ಳುತ್ತೆ."

"ಚಿಲಕ?" ಎಂದಳು ಅವಳು.

"ನಾವು ನಾವೇ ಇರೋ ಮನೆಗೆ ಚಿಲಕ ಯಾಕೆ?"

ಅವಳಲ್ಲಿದ್ದ ಉತ್ತರ ಬಾಯಿಬಿಟ್ಟು ಹೇಳುವಂಥದ್ದಲ್ಲ. ಆ ಮನೆಯಲ್ಲಿ ಒಳಗಿನಿಂದ ಭದ್ರವಾಗಿ ಮುಚ್ಚಿಕೊಳ್ಳುತ್ತಿದ್ದುದು ಆ ಒಂದು ಬಾಗಿಲು. ಅಡುಗೆಮನೆಗೆ ಬಾಗಿಲೇ ಇಲ್ಲ. ಮಲಗುವ ಕೋಣೆಯದು ಚೌಕಟ್ಟಿಗೆ ಕೂರುವುದಿಲ್ಲ, ಅದು ಅವನ ಹಿಂದಿನ ರಿಪೇರಿಯ ಫಲ. ಸ್ನಾನದ ಮನೆಯಲ್ಲಿದ್ದರೆ ಬಿಸಿನೀರು ಮುಗಿಯಿತೇ ಎಂದು ಯಾರಾದರೂ ಬಡಿಯುತ್ತಲೇ ಇರುತ್ತಾರೆ. ಅವಳು ಹಗಲೆಲ್ಲ ಒಂದು ದವಾಖಾನೆಯ ಸ್ವಾಗತ ಮೇಜಿನಲ್ಲಿ ಕೂತು, ಹೆಸರೇನು, ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳಿ ಕೇಳಿ ನಾಲಿಗೆ ಒಣಗಿಸಿಕೊಂಡು ಬರುವವಳು. ಮನೆಗೆ ಬಂದರೆ ಒಂದು ಕಡೆ ವಿನ್ಯಾಸ, ಇನ್ನೊಂದು ಕಡೆ ಅತ್ತೆಯ ಮಂಡಿನೋವು. ಆಗ ಅವಳು ಅರ್ಧ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಕಮೋಡಿನ ಮುಚ್ಚಳದ ಮೇಲೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಏನನ್ನೂ ಯೋಚಿಸುತ್ತಲೂ ಇರಲಿಲ್ಲ. ಒಳಗೆ ಏನು ಮಾಡುತ್ತೀಯೆ ಎಂದು ಕೇಳಿದರೆ, ಏನೂ ಇಲ್ಲ ಎಂಬುದೇ ನಿಜ. ನನಗೆ ಆ ಏನೂ ಇಲ್ಲ ಬೇಕು ಎಂದು ಯಾವ ಬಾಯಿಂದ ಕೇಳುವುದು?

"ಮೊದಲು ಪ್ರಯೋಗ," ಎಂದು ಘೋಷಿಸಿದ ಗಂಡ. "ಹಳೇ ಬಾಗಿಲಿದ್ದೂ ಜಾಗ ಸಾಲುತ್ತೆ ಅಂತಾದರೆ ಬಾಗಿಲು ಇರಲಿ. ಸಾಲಲಿಲ್ಲ ಅಂದರೆ ಕಿತ್ತುಬಿಡ್ತೀನಿ."

ಮರುದಿನ ಅಂಗಡಿಯಿಂದ ದೊಡ್ಡ ದೊಡ್ಡ ರಟ್ಟಿನ ಹಾಳೆ ತಂದು, ಹೊಸ ಯಂತ್ರದ ಅಳತೆಗೇ ಸರಿಯಾಗಿ ಒಂದು ಪೆಟ್ಟಿಗೆ ಕಟ್ಟಿದ. ಊಟದ ತಟ್ಟೆಯನ್ನು ಅದರ ಮುಖಕ್ಕೆ ಒತ್ತಿಟ್ಟು, ದಪ್ಪ ಪೆನ್ನಿನಲ್ಲಿ ಸುತ್ತ ಗೆರೆ ಎಳೆದ. ಅದು ಯಂತ್ರದ ದುಂಡು ಬಾಗಿಲಂತೆ. ಮೇಲೆ ಗುಂಡಿಗಳನ್ನೂ ಬರೆದ. ಆಮೇಲೆ ಅದನ್ನು ಕಮೋಡಿಗೆ ಎದುರಾಗಿ, ಆಚೆ ಗೋಡೆಗೆ ಒರಗಿಸಿಟ್ಟು, ಕೋಣೆಯ ಬಾಗಿಲನ್ನು ತೆರೆದು ಮುಚ್ಚಿ ನೋಡಿದ. ಸಲೀಸಾಗಿ ಹೋಗಿ ಬಂತು. ಎದೆಯುಬ್ಬಿಸಿಕೊಂಡು ಓಡಾಡಿದ.

"ಕೂತರೆ ಮಂಡಿ ತಾಗುತ್ತೆ ಕಣೋ," ಎಂದರು ಅತ್ತೆ.

"ಒತ್ತಮ್ಮ. ಒತ್ತಿದರೆ ಒಳಗೆ ಹೋಗುತ್ತೆ."

ರಟ್ಟು ನಿಜಕ್ಕೂ ಒಳಗೆ ಹೋಯಿತು. ಅಂಥ ಉಪಕಾರಿ ಯಂತ್ರ ಬೇರೊಂದಿಲ್ಲ.

ಆ ಸಂಜೆ ಮುಚ್ಚಳದ ಮೇಲೆ ಕೂತು ಎದುರಿಗಿದ್ದ ಪೆನ್ನಿನ ವೃತ್ತವನ್ನು ನೋಡುತ್ತಿದ್ದವಳಿಗೆ ತಟ್ಟನೆ ಹೊಳೆಯಿತು. ಬರೆದ ಬಾಗಿಲು ತೆರೆಯುವುದಿಲ್ಲ. ನಿಜವಾದದ್ದು ತೆರೆಯುತ್ತದೆ, ತೆರೆದರೆ ಮುಂದಕ್ಕೆ ಬರುತ್ತದೆ. ಅದು ಬರುವ ಜಾಗಕ್ಕೇ ಕೋಣೆಯ ಬಾಗಿಲೂ ಬರುತ್ತದೆ. ದಿನವಿಡೀ ಬಾಗಿಲು ತೆರೆದು ಹೊಟ್ಟೆ ಹೊರೆಯುವ ಮಹಾಶಯ ಬಾಗಿಲನ್ನೇ ಮರೆತಿದ್ದ!

ಹೇಳಿದರೆ ಅವಳ ಬಾಗಿಲು ಆ ಕ್ಷಣವೇ ಹೋಗುತ್ತಿತ್ತು, ಹಾಗಾಗಿ ಹೇಳಲಿಲ್ಲ. ಹೇಳದಿದ್ದರೆ ಮುಂದೇನು ಎಂದೂ ಯೋಚಿಸಬೇಕಿತ್ತು. ಆದರೆ ಅವಳ ಮನಸ್ಸು ಅದಾಗಲೇ ಬೇರೆ ಕೆಲಸಕ್ಕೆ ಬಿದ್ದಿತ್ತು. ಯಂತ್ರ ಬಂದ ದಿನ ಅವನ ಮುಖ ಹೇಗಾಗುತ್ತದೆ, ಆಗ ತಾನು ಏನೆನ್ನಬೇಕು? 'ಪೆನ್ನಲ್ಲಿ ಬರೆದ ಬಾಗಿಲಲ್ಲಿ ಬಟ್ಟೆ ಹಾಕೋದು ಹೇಗೆ ಅಂತ ಸ್ವಲ್ಪ ತೋರಿಸಿ.' ಇದೊಂದು ವಾಕ್ಯವನ್ನು ಅವಳು ದಿನವೂ ಚಿಲಕ ಹಾಕಿ ಕೂತು ಉಜ್ಜಿ ಉಜ್ಜಿ ಹೊಳಪು ಕೊಟ್ಟಳು.

ಯಂತ್ರ ಬಂತು. ನಲ್ಲಿ ಕೆಲಸದವನು ಪೈಪು ಜೋಡಿಸಿ ಹೊರಗೆ ಬಂದ. ಗಂಡ ಒಂದು ಟವೆಲನ್ನು ಹಾರದ ಹಾಗೆ ಹಿಡಿದುಕೊಂಡು, ಕೋಣೆಯ ತೆರೆದ ಬಾಗಿಲ ಬಳಿ ನಿಂತು, ಯಂತ್ರದ ದುಂಡು ಬಾಗಿಲನ್ನು ಎಳೆದ. ಗೇಣುದ್ದ ಬಂದು 'ಠಕ್' ಎಂದು ಕೋಣೆಯ ಬಾಗಿಲಿಗೆ ಬಡಿಯಿತು. ಮುಚ್ಚಿ ಮತ್ತೆ ಎಳೆದ, ಯಂತ್ರಕ್ಕೇ ನಾಚಿಕೆಯಾಗಿ ದಾರಿ ಬಿಟ್ಟೀತು ಎನ್ನುವವನಂತೆ. 'ಠಕ್.'

ನಲ್ಲಿ ಕೆಲಸದವನು ಸೂರು ನೋಡಿದ. "ನಂದು ನೀರಿನ ಕೆಲಸ ಸಾರ್. ನೀರು ಬರ್ತಾ ಇದೆ."

"ರಟ್ಟಿಂದೇ ವಾಸಿಯಾಗಿತ್ತು," ಎಂದರು ಅತ್ತೆ. "ಅದಕ್ಕಾದರೂ ದೊಡ್ಡವರು ಅಂದರೆ ಮರ್ಯಾದೆ ಇತ್ತು."

ಗಂಡನ ಮುಖ, ಅವಳು ಬಯಸಿದ್ದಕ್ಕಿಂತ ಚೆನ್ನಾಗಿಯೇ ಕಪ್ಪಿಟ್ಟಿತು. ವಾಕ್ಯ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು.

"ಬಾಗಿಲೇ ದರಿದ್ರ," ಎಂದ ಅವನು. "ನಾನು ಮೊದಲೇ ಬಡಕೊಂಡೆ, ಯಾರು ಕೇಳ್ತೀರಿ? ಎಲ್ಲಿದೆಯಪ್ಪ ನಿನ್ನ ಸ್ಕ್ರೂಡ್ರೈವರ್?"

ನಲ್ಲಿ ಕೆಲಸದವನಿಂದ ಕಸಿದುಕೊಂಡು ಕೋಣೆಯ ಬಾಗಿಲಿನ ಮೇಲಿನ ಕೀಲಿನ ತಿರುಪಿಗೆ ಇಟ್ಟೇಬಿಟ್ಟ. ತಿರುಪು ಕಿರುಗುಟ್ಟಿತು. ಇಷ್ಟು ದಿನ ಅವನ ಸೋಲಿಗೆ ಕಾದು ಕೂತವಳಿಗೆ, ಆ ಸೋಲಿನ ಏಟು ಬೀಳುವುದು ಈ ಬಾಗಿಲ ಮೇಲೇ ಎಂದು ಹೊಳೆದಿರಲಿಲ್ಲ. ಅವನೊಬ್ಬನೇ ದಡ್ಡನಲ್ಲ.

"ರೀ, ಸ್ವಲ್ಪ ಸರೀರಿ."

ಬಟ್ಟೆಯ ಬುಟ್ಟಿ ಎತ್ತಿಕೊಂಡು ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿದಳು. ಚಿಲಕವಿಲ್ಲದಿದ್ದರೆ ತಾನಾಗಿ ಒಳಗೆ ಜಾರಿ ಬರುವ ಬಾಗಿಲು ಅದು, ಚಿಲಕ ಹಾಕಿದಳು. ಮುಚ್ಚಳದ ಮೇಲೆ ಮಂಡಿ ಓರೆ ಮಾಡಿ ಕೂತು ಯಂತ್ರದ ಬಾಗಿಲನ್ನು ಎಳೆದಳು. ದುಂಡು ಬಾಗಿಲು ಯಾವುದಕ್ಕೂ ತಾಗದೆ ಪೂರ್ತಿ ತೆರೆದು ಅವಳ ಮಂಡಿಯ ಪಕ್ಕಕ್ಕೆ ಬಂದು ನಿಂತಿತು. ಯಂತ್ರದ ಬಾಯಿ ಕೈಗೆಟುಕುವಷ್ಟು ಎದುರಿಗಿತ್ತು. ಒಂದೊಂದೇ ಬಟ್ಟೆ ಹಾಕಿದಳು. ಹಾಕಿ ಮುಗಿದ ಮೇಲೂ ಸುಮ್ಮನೆ ಕೂತಳು.

ಯಂತ್ರ ಚಾಲೂ ಮಾಡಿ ಹೊರಗೆ ಬಂದು, ಹರಳೆಣ್ಣೆ ಕುಡಿದವರಂತೆ ಒಮ್ಮೆ ಗುಟುಕರಿಸಿದಳು.

"ಎಷ್ಟು ಯೋಚನೆ ಮಾಡಿದ್ದೀರಿ ರೀ! ಚಿಲಕ ಹಾಕಿದರೆ ಮಾತ್ರ ಮಿಷನ್ ಬಾಯಿ ಬಿಡುತ್ತೆ. ಕೂತುಕೊಂಡೇ ಬಟ್ಟೆ ಹಾಕಬಹುದು, ಸೊಂಟ ಬಗ್ಗಿಸೋ ಹಾಗೇ ಇಲ್ಲ. ಈ ಬಾಗಿಲು ಇಲ್ಲದಿದ್ದರೆ ನಡುಮನೆಯಲ್ಲಿರೋ ಎಲ್ಲರಿಗೂ ಕಾಣೋ ಹಾಗೆ ಮೈಲಿಗೆ ಬಟ್ಟೆ ಹರಡಿಕೊಂಡು ಕೂರಬೇಕಿತ್ತು."

ಅವನು ಅವಳ ಮುಖದಲ್ಲಿ ಕೊಂಕು ಹುಡುಕಿದ. ಅಭ್ಯಾಸಬಲ. ಅವಳು ಒಂದು ಎಳೆಯನ್ನೂ ಬಿಟ್ಟುಕೊಡಲಿಲ್ಲ. ಕಪ್ಪಿಟ್ಟಿದ್ದ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು.

"ಮತ್ತೆ?" ಎಂದ. "ನಾನು ಅಂದುಕೊಂಡಿದ್ದೂ ಅದೇ." ಸಡಿಲವಾದ ತಿರುಪನ್ನು ಬಿಗಿ ಮಾಡಿ, ಸ್ಕ್ರೂಡ್ರೈವರನ್ನು ನಲ್ಲಿ ಕೆಲಸದವನ ಕೈಗಿಟ್ಟ. "ನೋಡಿ ಕಲಿತುಕೋಪ್ಪ."

ಅಂದಿನಿಂದ ಮನೆಗೆ ಬಂದವರಿಗೆಲ್ಲ ಅರ್ಧ ಬಚ್ಚಲಿನ ದರ್ಶನವಾಗತೊಡಗಿತು. ಅವಳು ಪಕ್ಕದಲ್ಲಿ ನಿಂತು ತಲೆಯಾಡಿಸಬೇಕಿತ್ತು. ಹೊಳಪು ಕೊಟ್ಟಿಟ್ಟ ವಾಕ್ಯ ಗಂಟಲಲ್ಲಿ ಹಾಗೇ ಕೊಳೆಯಿತು. ಆದರೆ ಬುಟ್ಟಿ ಹಿಡಿದು ಒಳಗೆ ಹೋದರೆ ಈಗ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ಬಟ್ಟೆ ಹಾಕ್ತಾ ಇದ್ದಾಳೆ ಎನ್ನುತ್ತಿದ್ದರು, ಗೌರವದಿಂದ.

ಒಂದು ಸಂಜೆ ದವಾಖಾನೆಯಿಂದ ಬಂದವಳು ನೆಟ್ಟಗೆ ಬುಟ್ಟಿ ಎತ್ತಿಕೊಂಡಳು. ನಡುಮನೆಯಲ್ಲಿ ಗಂಡ ತನ್ನ ಅಂಗಡಿ ಯಜಮಾನನನ್ನು ಕೂರಿಸಿಕೊಂಡು ಗಾಳಿಯಲ್ಲಿ ಬಾಗಿಲು ತೆರೆದು ಮುಚ್ಚಿ ತೋರಿಸುತ್ತಿದ್ದ. ಅರ್ಧ ಬಚ್ಚಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಮೆಲ್ಲಗೆ ತಟ್ಟಿದಳು.

"ಬಟ್ಟೆ ಹಾಕ್ತಾ ಇದ್ದೀನಿ," ಎಂದಿತು ಅತ್ತೆಯ ದನಿ.

ಮನೆಯ ಕೊಳೆಬಟ್ಟೆಯೆಲ್ಲ ಅವಳ ತೋಳಿನಲ್ಲೇ ಇತ್ತು. ಒಳಗೆ ನೀರಿನ ಸದ್ದಿಲ್ಲ, ಯಂತ್ರದ ಸದ್ದಿಲ್ಲ.

"ಯಾವ ಬಟ್ಟೆ ಅತ್ತೆ?"

"ಕರವಸ್ತ್ರ."

"ಒಂದೇನಾ?"

"ಒಂದೇ. ನಿಧಾನಕ್ಕೆ ಹಾಕ್ತಾ ಇದ್ದೀನಿ."

ಅವಳ ನಾಲಿಗೆಗೆ ಹೊಸದೊಂದು ವಾಕ್ಯ ಬಂತು, ಮೊದಲಿನದಕ್ಕಿಂತ ಹರಿತವಾದದ್ದು. ಅಷ್ಟರಲ್ಲಿ ನಡುಮನೆಯಿಂದ ಗಂಡ ಕೂಗಿದ. "ಬಾರೇ ಇಲ್ಲಿ, ಆ ಬಾಗಿಲಿನ ವಿಚಾರ ನೀನೇ ಹೇಳು ಸಾರ್‌ಗೆ!"

ಅವಳು ಬುಟ್ಟಿಯನ್ನು ಬಾಗಿಲ ಬಳಿ, ಅತ್ತೆ ಹೊರಗೆ ಬಂದರೆ ಎಡವದಷ್ಟು ದೂರದಲ್ಲಿ ಇಟ್ಟಳು. ಆ ವಾಕ್ಯವನ್ನೂ ನುಂಗಿಕೊಂಡು, ಗಂಡನನ್ನು ಹೊಗಳಲು ಹೋದಳು.